ಬರದ ವರ್ಷದ ರಾಗಿಗೆ ಬೇರಿನಿಂದಲೇ ಆಸರೆ: ನನ್ನ ಅನುಭವ

ಮಳವಳ್ಳಿ ತಾಲ್ಲೂಕಿನ ನಮ್ಮ ಜಮೀನು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿದೆ. 2023ರಲ್ಲಿ ಮುಂಗಾರು ಕೈಕೊಟ್ಟು, ಕನ್ನಂಬಾಡಿ ಕಟ್ಟೆ ತುಂಬದೆ, ನಾಲೆಯಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ನೀರು ಶುರುವಾದಾಗ ಭತ್ತದ ಆಸೆ ಬಿಟ್ಟು ಒಂದು ಎಕರೆಗೆ ರಾಗಿ ನಾಟಿ ಮಾಡಲು ನಿರ್ಧರಿಸಿದೆ.

ಜೀವಾಣು ಗೊಬ್ಬರ ನನಗೆ ಹೊಸದಲ್ಲ. ಆದರೆ ಮೊದಲ ಸಲ ಅದರಿಂದ ಏನೂ ಪ್ರಯೋಜನವಾಗಿರಲಿಲ್ಲ. ಅಂದು ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾದ ಪೊಟ್ಟಣಗಳನ್ನು ಬೇಸಿಗೆಯಿಡೀ ತಗಡು ಹೊದಿಸಿದ ಪಂಪ್ ಮನೆಯಲ್ಲಿಟ್ಟು, ಆಮೇಲೆ ರಂಜಕ ಹೆಚ್ಚಿರುವ ರಾಸಾಯನಿಕ ಗೊಬ್ಬರವಾದ ಡಿಎಪಿಯೊಂದಿಗೆ ಬೆರೆಸಿ ಎರಚಿದ್ದೆ. ಆ ಝಳಕ್ಕೆ ಬದುಕಿ ಉಳಿದಿದ್ದವೂ ಗೊಬ್ಬರದ ಉಪ್ಪಿಗೆ ಸತ್ತಿರಬೇಕು. ಪೊಟ್ಟಣದಲ್ಲಿರುವುದು ಪುಡಿಯಲ್ಲ, ಜೀವ ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ.

ಈ ಸಲ ಒಟ್ಲಿನಿಂದಲೇ, ಅಂದರೆ ಪೈರು ಬೆಳೆಸುವ ಸಸಿಮಡಿಯಿಂದಲೇ ಆರಂಭಿಸಿದೆ. ಮೈಕೋರೈಜಾ ಎಂಬ ಶಿಲೀಂಧ್ರ ಜೀವಂತ ಬೇರಿನೊಳಗೆ ಸೇರಿದರೆ ಮಾತ್ರ ಬೆಳೆಯಬಲ್ಲದಾದ್ದರಿಂದ, ಅದನ್ನು ಹೊಲಕ್ಕೆಲ್ಲ ಎರಚುವ ಬದಲು ಪಾತಿಯಲ್ಲಿ ಬೀಜದ ಸಾಲಿನ ಕೆಳಗೆ, ಎರಡು ಬೆರಳಿನಷ್ಟು ಆಳಕ್ಕೆ ಹಾಕಿದೆ. ಮೊಳಕೆಯ ಬೇರು ಇಳಿಯುವಾಗ ಅದನ್ನು ಮುಟ್ಟಿಯೇ ಇಳಿಯಬೇಕು. ನಾಟಿಯ ದಿನ ಹೊಂಗೆಯ ನೆರಳಿನಲ್ಲಿ ಅಜೋಸ್ಪಿರಿಲಂ ಕದಡಿದ ನೀರಿನಲ್ಲಿ ಪೈರಿನ ಬೇರನ್ನು ಅರ್ಧ ಗಂಟೆ ಅದ್ದಿಟ್ಟು, ಹಸಿ ಗೋಣಿತಾಟು ಮುಚ್ಚಿ ಹೊಲಕ್ಕೆ ಒಯ್ದೆವು. ಡಿಎಪಿಯನ್ನು ಅರ್ಧಕ್ಕೆ ಇಳಿಸಿದೆ. ರಂಜಕ ಹೇರಳವಾಗಿ ಸಿಗುವ ಮಣ್ಣಿನಲ್ಲಿ ಬೇರು ಈ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆ. ಹೋಲಿಕೆಗೆಂದು ಬದುವಿನ ಪಕ್ಕದ ಹತ್ತು ಸಾಲುಗಳಿಗೆ ಇದಾವುದನ್ನೂ ಮಾಡಲಿಲ್ಲ.

ನಾಟಿಯಾಗಿ ತಿಂಗಳು ಕಳೆದ ಮೇಲೆ ಮೂರು ವಾರ ಹನಿ ನೀರಿಲ್ಲ. ಹತ್ತು ಸಾಲುಗಳ ಗರಿಗಳು ಬೆಳಿಗ್ಗೆ ಹನ್ನೊಂದಕ್ಕೇ ಸುರುಳಿ ಸುತ್ತಿದರೆ, ಉಳಿದವು ನಡು ಮಧ್ಯಾಹ್ನದವರೆಗೂ ಬಿಚ್ಚಿಕೊಂಡೇ ಇದ್ದವು. ಎರಡೂ ಕಡೆಯಿಂದ ಒಂದೊಂದು ಬುಡ ಕಿತ್ತು ನೋಡಿದೆ. ಉಪಚರಿಸದ ಬೇರಿನಿಂದ ಮಣ್ಣು ಪುಡಿಯಾಗಿ ಉದುರಿತು. ಉಪಚರಿಸಿದ್ದರಲ್ಲಿ ಬೇರು ಹೆಚ್ಚು ಕವಲೊಡೆದು, ಎಳೆ ಎಳೆಗೂ ಮಣ್ಣು ಅಂಗಿಯ ತೋಳಿನಂತೆ ಸುತ್ತ ಅಂಟಿಕೊಂಡಿತ್ತು, ಕೊಡವಿದರೂ ಬಿಡಲಿಲ್ಲ. ಅಜೋಸ್ಪಿರಿಲಂ ಸ್ರವಿಸುವ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಬೇರನ್ನು ಕವಲೊಡೆಸುತ್ತದೆ, ಬೇರಿನ ಸುತ್ತಲಿನ ಜೀವಾಣುಗಳ ಲೋಳೆ ಮಣ್ಣಿನ ಕಣಗಳನ್ನು ಹಿಡಿದಿಟ್ಟು ತೇವ ಕಾಯುತ್ತದೆ, ಬೇರಿನ ರೋಮವೂ ತೂರಲಾರದ ಸಂದುಗಳಿಗೆ ಶಿಲೀಂಧ್ರದ ಎಳೆಗಳು ಹೊಕ್ಕು ನೀರನ್ನೂ ರಂಜಕವನ್ನೂ ಎಳೆದು ತರುತ್ತವೆ.

ಇದು ನೀರಿಗೆ ಬದಲಿ ಎಂದು ಯಾರೂ ಭಾವಿಸಬಾರದು. ಹೊಲದ ಮೇಲ್ತುದಿಯ ಕಲ್ಲುಮಣ್ಣಿನಲ್ಲಿ ಉಪಚರಿಸಿದ ಪೈರೂ ಒಣಗಿತು. ಉಳಿದೆಡೆ, ಮುಂದಿನ ಮಳೆ ಬರುವವರೆಗೆ ಪೈರು ತಡೆದುಕೊಂಡಿತು. ತೆನೆ ಕಟ್ಟುವ ಹೊತ್ತಿಗೆ ಆ ಹತ್ತು ಸಾಲುಗಳನ್ನು ದಾರಿಯಲ್ಲಿ ಹೋಗುವವರೂ ಗುರುತಿಸುವಂತಿತ್ತು.

ಕೊಯ್ಲಾದ ಮೇಲೆ ಹೊಲವನ್ನು ಬರಿದಾಗಿ ಬಿಡದೆ, ಉಳಿದ ತೇವದಲ್ಲೇ ಹುರುಳಿ ಚೆಲ್ಲಿದೆ. ಮೈಕೋರೈಜಾಕ್ಕೆ ಮತ್ತೆ ಜೀವಂತ ಬೇರು ಬೇಕಲ್ಲ.