ಹಳೇ ಪ್ರೊಸೆಸರ್: ಓವರ್‌ಕ್ಲಾಕ್ ಮಾಡಬೇಕೋ, ಬದಲಿಸಬೇಕೋ? ನಮ್ಮ ಬಿಸಿಲಿಗೆ ತಕ್ಕ ಲೆಕ್ಕ

ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು. ಆದರೆ ಕಂಪ್ಯೂಟರ್ ನಿಧಾನವಾಯಿತು ಅಂದ ಕೂಡಲೇ ಪ್ರೊಸೆಸರ್ ಮೇಲೆ ತಪ್ಪು ಹೊರಿಸಬೇಡಿ. ಮಾಮೂಲಿ ಕೆಲಸ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ತೆರೆಯಿರಿ. ಡಿಸ್ಕ್ ಶೇ 100ರಲ್ಲಿ ನಿಂತಿದ್ದರೆ ಬೇಕಾದದ್ದು ಎಸ್‌ಎಸ್‌ಡಿ, ಮೆಮೊರಿ ಶೇ 90 ದಾಟಿದ್ದರೆ ಬೇಕಾದದ್ದು ರ‍್ಯಾಮ್. ಎರಡೂ ಆರಾಮಾಗಿದ್ದು ಸಿಪಿಯು (ಪ್ರೊಸೆಸರ್) ಮಾತ್ರ ಶೇ 100ರಲ್ಲೇ ಇದ್ದರೆ ಕೋರ್‌ಗಳು (ಚಿಪ್‌ನೊಳಗೆ ಕೆಲಸ ಮಾಡುವ ಘಟಕಗಳು) ಸಾಲುತ್ತಿಲ್ಲ. ನಾಲ್ಕು ಕೋರ್, ನಾಲ್ಕು ಥ್ರೆಡ್ (ಏಕಕಾಲಕ್ಕೆ ಸಾಗುವ ಕೆಲಸದ ಎಳೆ) ಇರುವ ಚಿಪ್‌ನಲ್ಲಿ ಒಟ್ಟು ಬಳಕೆ ಶೇ 25ರ ಆಸುಪಾಸಿಗೇ ಅಂಟಿಕೊಂಡು ಕೆಲಸ ಮುಂದೆ ಸಾಗದಿದ್ದರೆ, ಒಂದೇ ಥ್ರೆಡ್ ಎಲ್ಲ ಭಾರ ಹೊತ್ತಿದೆ. ಅಲ್ಲಿ ಕೋರ್ ಹೆಚ್ಚಿಸಿ ಪ್ರಯೋಜನವಿಲ್ಲ, ಒಂದೊಂದು ಕೋರ್‌ನ ವೇಗವೇ ಬೇಕು.

ಆಮೇಲೆ ಧೂಳು. ರಾಯಚೂರಿನ ಜಿನ್ನಿಂಗ್ ಮಿಲ್‌ಗಳ ಅಕ್ಕಪಕ್ಕ ಹತ್ತಿಯ ಎಳೆ, ಗಂಗಾವತಿಯ ಅಕ್ಕಿ ಗಿರಣಿಗಳ ಸುತ್ತ ತೌಡಿನ ಪುಡಿ, ಸಂಡೂರು–ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು. ಹೀಟ್‌ಸಿಂಕ್ (ಚಿಪ್‌ನ ಶಾಖ ಎಳೆಯುವ ಲೋಹದ ರೆಕ್ಕೆಗಳು) ಮೇಲಿನಿಂದ ಚೊಕ್ಕಟವಾಗಿಯೇ ಕಾಣುತ್ತದೆ. ಫ್ಯಾನ್ ಕಳಚಿದರೆ ರೆಕ್ಕೆಗಳ ನೆತ್ತಿಯ ಮೇಲೆ ಕಂಬಳಿಯಂತೆ ಕೂತ ಪದರ ಸಿಗುತ್ತದೆ. ಅದನ್ನು ಬ್ರಷ್‌ನಿಂದ ಎತ್ತಿ ತೆಗೆಯಿರಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿರಿ. ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ತಾಪ ತೋರಿಸುವ ತಂತ್ರಾಂಶ ಎಚ್‌ಡಬ್ಲ್ಯೂಇನ್ಫೋದಲ್ಲಿ ಥರ್ಮಲ್ ಥ್ರಾಟ್ಲಿಂಗ್ (ಕಾದ ಚಿಪ್ ವೇಗ ಇಳಿಸಿಕೊಳ್ಳುವುದು) ಎದುರು 'ಯೆಸ್' ಬರುತ್ತಿದ್ದ ಎಷ್ಟೋ ಮಷೀನ್‌ಗಳಿಗೆ ಇಷ್ಟೇ ಸಾಕು.

ಇನ್ನು ನಿಮ್ಮ ಮಷೀನ್‌ಗೆ ಓವರ್‌ಕ್ಲಾಕ್ ದಾರಿ ಇದೆಯೇ ನೋಡಿ. ಇಂಟೆಲ್‌ನಲ್ಲಿ ಚಿಪ್‌ನ ಹೆಸರಿನ ಸಂಖ್ಯೆಯ ನಂತರ ಕೆ ಅಕ್ಷರ ಇರಬೇಕು, ಬೋರ್ಡ್ (ಮದರ್‌ಬೋರ್ಡ್) ಝಡ್ ಸರಣಿಯದಾಗಿರಬೇಕು: ಐ5-4690ಕೆ, ಝಡ್97 ಜೋಡಿಯ ಹಾಗೆ. ಕಚೇರಿಗಳಿಂದ ಸೆಕೆಂಡ್ ಹ್ಯಾಂಡ್ ಬರುವ ಐ5-4590, ಎಚ್81 ಜೋಡಿಗೆ ಈ ಮಾತೇ ಇಲ್ಲ. ಬೇಸ್ ಕ್ಲಾಕ್ (ಉಳಿದ ವೇಗಗಳಿಗೆ ಮೂಲವಾದ ಬೋರ್ಡ್‌ನ ವೇಗ) ಏರಿಸಲು ಹೋದರೆ ಅದಕ್ಕೇ ಕಟ್ಟಿಕೊಂಡ ಪಿಸಿಐ ಸಾಧನಗಳೂ ಎಡವುತ್ತವೆ, ಬಿಟ್ಟುಬಿಡಿ. ಎಎಂಡಿಯ ಎಎಂ4 ಸಾಕೆಟ್‌ನ (ಬೋರ್ಡ್‌ನಲ್ಲಿ ಚಿಪ್ ಕೂರುವ ಜಾಗ) ರೈಜೆನ್ ಚಿಪ್ ಆದರೆ ಬಿ350, ಬಿ450, ಎಕ್ಸ್370 ಬೋರ್ಡ್‌ಗಳಲ್ಲಿ ಆಗುತ್ತದೆ, ಎ320ಯಲ್ಲಿ ಆಗದು.

ದಾರಿ ಇದ್ದರೂ ಬಿಸಿಲಿನ ಲೆಕ್ಕ ಹಾಕಲೇಬೇಕು. ಚಿಪ್ ಎಳೆಯುವ ವಿದ್ಯುತ್ ವೇಗದ ಜತೆ ಏರುತ್ತದೆ, ವೋಲ್ಟೇಜ್‌ನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದು) ಜತೆಯೂ ಏರುತ್ತದೆ. 1.15 ವೋಲ್ಟ್‌ನಲ್ಲಿ 3.7 ಗಿಗಾಹರ್ಟ್ಸ್ ಓಡುತ್ತಿದ್ದ ಚಿಪ್ಪನ್ನು 1.30 ವೋಲ್ಟ್ ಕೊಟ್ಟು 4.3ಕ್ಕೆ ಒಯ್ದರೆ ವೇಗ ಶೇ 16 ಹೆಚ್ಚುತ್ತದೆ, ಶಾಖ ಸುಮಾರು ಶೇ 48. ಕೂಲರ್ ಎಷ್ಟೇ ಒಳ್ಳೆಯದಿರಲಿ, ಅದು ಕೋಣೆಯ ಗಾಳಿಗಿಂತ ಚಿಪ್ಪನ್ನು ತಣ್ಣಗೆ ಮಾಡಲಾರದು. ಡಿಸೆಂಬರ್‌ನಲ್ಲಿ ಕೋಣೆ 24 ಡಿಗ್ರಿ ಇದ್ದಾಗ 82 ತೋರಿಸಿದ ಚಿಪ್ ಏಪ್ರಿಲ್‌ನ 38 ಡಿಗ್ರಿಯಲ್ಲಿ 96 ಮುಟ್ಟುತ್ತದೆ. 100ರ ಹತ್ತಿರ ಇಂಟೆಲ್ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೇ ನಾವು ಇಟ್ಟುಕೊಳ್ಳುವ ಮಿತಿ ಇದು: ಕೋಣೆ 40 ಡಿಗ್ರಿ ಇದ್ದಾಗ ಪೂರ್ತಿ ಲೋಡ್‌ನಲ್ಲಿ 85 ಮೀರಬಾರದು. 25 ಡಿಗ್ರಿಯಲ್ಲಿ ಪರೀಕ್ಷಿಸುತ್ತಿದ್ದರೆ 70ಕ್ಕೇ ನಿಲ್ಲಿಸಿ. ನೀರಿನ ಏರ್ ಕೂಲರ್‌ನ ಗಾಳಿಯನ್ನು ಕ್ಯಾಬಿನೆಟ್‌ಗೆ ನೇರ ಬಿಡಬೇಡಿ, ಒದ್ದೆಯಾದ ಧೂಳು ರೆಕ್ಕೆಗಳಲ್ಲಿ ಗಟ್ಟಿಯಾಗಿ ಕೂರುತ್ತದೆ.

ಇಂಟೆಲ್ ಡಬ್ಬಿಯ ಜತೆ ಬಂದ ಚಿಕ್ಕ ಕೂಲರ್ ಇಟ್ಟುಕೊಂಡು ಓವರ್‌ಕ್ಲಾಕ್‌ಗೆ ಕೈ ಹಾಕಬೇಡಿ. ಟವರ್ ಕೂಲರ್ ಇದ್ದರೆ ಮೊದಲು ಏನನ್ನೂ ಬದಲಿಸದೆ ಚಿಪ್‌ನ ವೇಗಕ್ಕೆ ಅಂಕ ಕೊಡುವ ತಂತ್ರಾಂಶ ಸಿನೆಬೆಂಚ್ ಆರ್23 ಅನ್ನು ಹತ್ತು ನಿಮಿಷ ಓಡಿಸಿ ಅಂಕ ಬರೆದಿಟ್ಟುಕೊಳ್ಳಿ. ಎಕ್ಸ್‌ಎಂಪಿ (ರ‍್ಯಾಮ್ ವೇಗ ಏರಿಸುವ ಸೆಟ್ಟಿಂಗ್) ಆಫ್ ಮಾಡಿ. ಇಲ್ಲದಿದ್ದರೆ ತಪ್ಪು ರ‍್ಯಾಮ್‌ನದೋ ಚಿಪ್‌ನದೋ ತಿಳಿಯದು. ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ತಂತ್ರಾಂಶ) ಮಲ್ಟಿಪ್ಲೈಯರ್ (ಬೇಸ್ ಕ್ಲಾಕ್‌ನ ಎಷ್ಟು ಪಟ್ಟು ಓಡಬೇಕೆಂಬ ಸಂಖ್ಯೆ) ಒಂದೊಂದೇ ಏರಿಸಿ. ವೋಲ್ಟೇಜ್ ಆಟೋಗೆ ಬಿಡಬೇಡಿ, ಬೋರ್ಡ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತವೆ. ನಾಲ್ಕನೇ ತಲೆಮಾರಿನ ಇಂಟೆಲ್‌ಗೆ (ಐ5-4690ಕೆಯಂಥದು) 1.20ರಿಂದ ಶುರುಮಾಡಿ 1.30 ದಾಟಬೇಡಿ, ಮೊದಲ ತಲೆಮಾರಿನ ರೈಜೆನ್‌ಗೆ 1.35. ಪ್ರತಿ ಮೆಟ್ಟಿಲಿಗೂ ಚಿಪ್‌ಗೆ ಪೂರ್ತಿ ಭಾರ ಕೊಟ್ಟು ಪರೀಕ್ಷಿಸುವ ಓಸಿಸಿಟಿ ತಂತ್ರಾಂಶ ಅರ್ಧ ಗಂಟೆ ಓಡಲಿ. ನೀಲಿ ಪರದೆ ಬಂದರೆ, ಅಥವಾ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ (ಹಾರ್ಡ್‌ವೇರ್) ದೋಷ ಕಂಡರೆ ಒಂದು ಮೆಟ್ಟಿಲು ಇಳಿಯಿರಿ. ಚಿಪ್ ತಣ್ಣಗಿದ್ದೂ ವೇಗ ಬೀಳುತ್ತಿದ್ದರೆ ಬೋರ್ಡ್‌ನ ವಿಆರ್‌ಎಂ (ಚಿಪ್‌ಗೆ ವೋಲ್ಟೇಜ್ ಹೊಂದಿಸಿ ಕೊಡುವ ಭಾಗ) ಕಾದಿರಬಹುದು. ಮಷೀನ್ ಏಳದೇ ಹೋದರೆ ಪ್ಲಗ್ ಕಿತ್ತು ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಐದು ನಿಮಿಷ ಹೊರಗಿಡಿ, ಬಯೋಸ್ ಮೊದಲಿನಂತಾಗುತ್ತದೆ. ಇಷ್ಟೆಲ್ಲ ಆಗಿ ಶೇ 15 ಸಿಕ್ಕರೆ ಒಂದು ಗಂಟೆಯ ರೆಂಡರ್ 52 ನಿಮಿಷಕ್ಕೆ ಇಳಿಯುತ್ತದೆ. ಅದು ಸಾಲದಿದ್ದರೆ ಚಿಪ್ ಬದಲಿಸಿ.

ಅದೇ ಸಾಕೆಟ್‌ನ ದೊಡ್ಡ ಚಿಪ್ ಹುಡುಕುವುದು ನಮ್ಮ ಊರುಗಳಿಗೆ ಹೆಚ್ಚು ಒಗ್ಗುವ ದಾರಿ. ರೈಜೆನ್ 5 1600 ಇದ್ದವರು ಬಿ450 ಬೋರ್ಡ್‌ಗೆ ಬಯೋಸ್ ಅಪ್‌ಡೇಟ್ ಮಾಡಿ ರೈಜೆನ್ 5 5600 ಕೂರಿಸಬಹುದು. ಎರಡೂ 65 ವ್ಯಾಟ್‌ನವು, ಆದರೆ ಒಂದೊಂದು ಕೋರ್‌ನ ವೇಗದಲ್ಲಿ ಯಾವ ಓವರ್‌ಕ್ಲಾಕೂ ಮುಟ್ಟಲಾರದ ಅಂತರ. ಐ5-4590 ಜಾಗಕ್ಕೆ ಐ7-4790 ಹಾಕಿದರೆ ಥ್ರೆಡ್ ನಾಲ್ಕರಿಂದ ಎಂಟಾಗುತ್ತದೆ, ಅಷ್ಟೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಾಲ್ಕನೇ ತಲೆಮಾರಿನ ಇಂಟೆಲ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಐ7-4790 ತೀರಾ ಅಗ್ಗಕ್ಕೆ ಸಿಕ್ಕರೆ ಮಾತ್ರ ಕೊಳ್ಳಿ. ಇಲ್ಲವಾದರೆ ಬೋರ್ಡ್, ಚಿಪ್, ರ‍್ಯಾಮ್ ಮೂರಕ್ಕೂ ದುಡ್ಡು ಕೂಡಿಸಿ. ಇನ್ನೊಂದು ಬಲೆ: ಇಂಟೆಲ್‌ನ 1151 ಸಾಕೆಟ್ ನೋಡಲು ಒಂದೇ ಆದರೂ 8, 9ನೇ ತಲೆಮಾರಿನ ಚಿಪ್ 100, 200 ಸರಣಿಯ ಬೋರ್ಡ್‌ನಲ್ಲಿ ಓಡದು.

ಚಿಪ್, ಬೋರ್ಡ್ ಕೊಳ್ಳಲು ರಾಯಚೂರಿನವರಿಗೆ ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್, ಬಳ್ಳಾರಿಯವರಿಗೆ ಬೆಂಗಳೂರಿನ ಎಸ್‌ಪಿ ರೋಡ್. ಹಳೇ ಚಿಪ್ಪನ್ನು ಅಂಗಡಿಯಲ್ಲೇ ಸಿನೆಬೆಂಚ್ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಬಯೋಸ್ ಅಪ್‌ಡೇಟನ್ನು ಯುಪಿಎಸ್ ಮೇಲೆಯೇ ಮಾಡಿ, ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ, ಚಿಪ್ ಬದಲಾದ ಮೇಲೆ ಅದನ್ನು ಕೇಳುತ್ತದೆ. ಎಎಂ4 ಕೂಲರ್ ತೆಗೆಯುವ ಮುನ್ನ ಮಷೀನ್ ಹತ್ತು ನಿಮಿಷ ಲೋಡ್‌ನಲ್ಲಿ ಓಡಲಿ. ಪೇಸ್ಟ್ ಮೆತ್ತಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ತಿರುವಿ ಬಿಡಿಸಿ. ಸೀದಾ ಮೇಲಕ್ಕೆಳೆದರೆ ಚಿಪ್ ಸಾಕೆಟ್‌ನಿಂದ ಕಿತ್ತು ಬಂದು ಪಿನ್‌ಗಳು ಬಾಗುತ್ತವೆ.