ವಾಟರ್ಲೂ ಕತ್ತಿಯೋ ಅಲ್ಲವೋ: ಲಾಂಛನ ನೋಡಿ ಕಾಲ ಹಿಡಿದದ್ದು

ಇಂಗ್ಲೆಂಡಿನಲ್ಲಿ ಹಳೆಯ ಬಾಗು ಕತ್ತಿ ಮಾರುವವರ ಬಾಯಲ್ಲಿ ಯಾವಾಗಲೂ ಒಂದೇ ಹೆಸರು, ವಾಟರ್ಲೂ. ನೆಪೋಲಿಯನ್ ಸೋತ 1815ರ ಆ ಕಾಳಗದ ಹೆಸರು ಅಂಟಿಕೊಂಡರೆ ಬೆಲೆ ಏರುತ್ತದೆ, ಅಷ್ಟೇ. ಇಲ್ಲಿನ ಹರಾಜಿನಲ್ಲಿ ನಾನು ಕೊಂಡ ಕತ್ತಿಯ ಚೀಟಿಯಲ್ಲೂ ಅದೇ ಇತ್ತು. ಚೀಟಿಯನ್ನು ಪಕ್ಕಕ್ಕಿಟ್ಟು, ಕತ್ತಿಯನ್ನೇ ನೋಡಿ ಅದರ ಕಾಲ ಹಿಡಿಯಲು ಕೂತೆ. (ಕಾನೂನನ್ನು ಮೊದಲೇ ನೋಡಿಕೊಂಡಿದ್ದೆ. ಇಲ್ಲಿ 2008ರಿಂದ 50 ಸೆಂ.ಮೀ.ಗಿಂತ ಉದ್ದದ ಬಾಗು ಕತ್ತಿಗಳ ಮಾರಾಟಕ್ಕೆ ತಡೆ ಇದೆ. ನೂರು ವರ್ಷ ದಾಟಿದ ಕತ್ತಿಗೆ ವಿನಾಯಿತಿ.)

ಮಾದರಿ ಗುರುತಿಸುವುದು ಸುಲಭ. ಅಲಗು ಚೆನ್ನಾಗಿ ಬಾಗಿದೆ, ಉದ್ದ ಸುಮಾರು 33 ಇಂಚು. ಎರಡೂ ಮೈಯಲ್ಲಿ ಅಗಲವಾದ ಒಂದೊಂದು ತೋಡು. ಮೊನೆಯ ಕಡೆಗೆ ಅಲಗು ಕಿರಿದಾಗುವ ಬದಲು ಅಗಲವಾಗುತ್ತದೆ, ಹಾಗಾಗಿ ಬೀಸಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಬೆರಳು ಕಾಯಲು ಒಂದೇ ಒಂದು ಉಕ್ಕಿನ ಪಟ್ಟಿ. ಇದು ಬ್ರಿಟನ್ನಿನ 1796ರ ಮಾದರಿಯ ಲೈಟ್ ಕ್ಯಾವಲ್ರಿ ಕತ್ತಿ, ಅಂದರೆ ಹಗುರ ಕುದುರೆ ದಳದವರದ್ದು. ಸಾಮಾನ್ಯ ಸವಾರನ ಕತ್ತಿಯ ಹಿಡಿಗೆ ಬರೀ ತೊಗಲು. ನನ್ನದರ ಹಿಡಿಗೆ ಮೀನಿನ ಒರಟು ಚರ್ಮ, ಅದರ ಮೇಲೆ ಬೆಳ್ಳಿ ತಂತಿಯ ಸುತ್ತು. ಅಲಗಿನ ಮೇಲೆ ನೀಲಿ ಬಣ್ಣ, ಚಿನ್ನದ ಚಿತ್ತಾರ. ಹಾಗಾದರೆ ಅಧಿಕಾರಿಯದ್ದೇ. ಆಗಿನ ಅಧಿಕಾರಿಗಳು ಕತ್ತಿಯನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರು. ಹಾಗಾಗಿ ಒಬ್ಬರದ್ದು ಇದ್ದಂತೆ ಇನ್ನೊಬ್ಬರದ್ದು ಇರುವುದಿಲ್ಲ.

ಈ ಮಾದರಿಯ ಹಿಂದಿರುವಾತ ಜಾನ್ ಗ್ಯಾಸ್ಪರ್ಡ್ ಲೆ ಮಾರ್ಷಂಟ್ ಎಂಬ ಬ್ರಿಟಿಷ್ ಕುದುರೆ ದಳದ ಅಧಿಕಾರಿ. ಫ್ರಾನ್ಸಿನ ವಿರುದ್ಧ 1793ರಲ್ಲಿ ಶುರುವಾದ ಫ್ಲಾಂಡರ್ಸ್ (ಇಂದಿನ ಬೆಲ್ಜಿಯಂ ಕಡೆಯ) ಯುದ್ಧದಲ್ಲಿ ಬ್ರಿಟಿಷ್ ಸವಾರರು ಕತ್ತಿ ಬೀಸುವುದನ್ನು ಕಂಡು ಆತನಿಗೆ ಬೇಸರವಾಗಿತ್ತು. ಗಾಬರಿಯಲ್ಲಿ ತಮ್ಮ ಕುದುರೆಗೇ ಗಾಯ ಮಾಡಿದವರೂ ಇದ್ದರು. ಸೌದೆ ಸೀಳಿದ ಹಾಗೆ ಬೀಸ್ತೀರಿ ಅಂತ ಆಸ್ಟ್ರಿಯಾದ ಅಧಿಕಾರಿಯೊಬ್ಬ ಹಂಗಿಸಿದನಂತೆ. ಊರಿಗೆ ಮರಳಿದ ಲೆ ಮಾರ್ಷಂಟ್ ಬರ್ಮಿಂಗ್‌ಹ್ಯಾಮಿನ ಕತ್ತಿ ತಯಾರಕ ಹೆನ್ರಿ ಆಸ್ಬಾರ್ನ್ ಜೊತೆ ಕೂತು ಹೊಸ ಕತ್ತಿ ರೂಪಿಸಿದ. ಅದನ್ನು ಬೀಸುವ ವರಸೆಗಳ ಪುಸ್ತಕವನ್ನೂ 1796ರಲ್ಲೇ ಸೈನ್ಯಕ್ಕೆ ಕೊಟ್ಟ. ತುರ್ಕರ, ಹಂಗೇರಿಯವರ ಬಾಗು ಕತ್ತಿಗಳೇ ಎಲ್ಲಕ್ಕಿಂತ ಮೇಲು ಎಂಬುದು ಆತನ ಅಭಿಪ್ರಾಯ. ಕತ್ತಿ ಎಷ್ಟು ಹಿಡಿಸಿತೆಂದರೆ ಪ್ರಷ್ಯನ್ನರು 1811ರಲ್ಲಿ ಹೆಚ್ಚು ಕಡಿಮೆ ಹಾಗೇ ನಕಲು ಮಾಡಿಕೊಂಡರು. ಲೆ ಮಾರ್ಷಂಟ್ ಸತ್ತದ್ದು 1812ರಲ್ಲಿ, ಸ್ಪೇನಿನ ಸಲಮಾಂಕದಲ್ಲಿ. ಅಂದು ಆತ ನಡೆಸುತ್ತಿದ್ದದ್ದು ಭಾರಿ ಕುದುರೆ ದಳ. ಆ ಸವಾರರ ಕೈಯಲ್ಲಿದ್ದದ್ದು ನೇರ ಕತ್ತಿ!

ಇನ್ನು ಕಾಲ. ಇದರ ಜಾಗಕ್ಕೆ ಹೊಸ ಮಾದರಿ ಬಂದದ್ದು 1821ರಲ್ಲಿ. ಹಾಗಾಗಿ ಕಾಲು ಶತಮಾನದ ಅಂತರ ಸಿಕ್ಕಿತು. ಅದನ್ನು ಇನ್ನೂ ಕಿರಿದು ಮಾಡಬೇಕಿತ್ತು. ಅಲಗಿನ ನಂಬರು ಹುಡುಕು, ಕತ್ತಿ ತಯಾರಿಸುತ್ತಿದ್ದ ವಿಲ್ಕಿನ್ಸನ್ ಕಂಪನಿಯ ದಾಖಲೆಯಲ್ಲಿ ಸಿಗುತ್ತೆ ಅಂತ ಸಲಹೆ ಕೊಡುವವರು ಜಾಸ್ತಿ. ಆ ನಂಬರು ಶುರುವಾದದ್ದೇ 1850ರ ದಶಕದಲ್ಲಿ. ಈ ಕತ್ತಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಉಪಯೋಗಕ್ಕೆ ಬಂದದ್ದು ಚಿನ್ನದ ಚಿತ್ತಾರದಲ್ಲಿದ್ದ ರಾಜಲಾಂಛನ. ಇಂಗ್ಲೆಂಡಿನ ರಾಜರು ತಮ್ಮನ್ನು ಫ್ರಾನ್ಸಿನ ರಾಜರೂ ಹೌದು ಎಂದು ಶತಮಾನಗಳಿಂದ ಹೇಳಿಕೊಂಡು ಬಂದಿದ್ದರು. ಅದಕ್ಕೆ ಲಾಂಛನದ ಒಂದು ಕಾಲು ಭಾಗದಲ್ಲಿ ಫ್ರಾನ್ಸಿನ ಲಿಲಿ ಹೂಗಳಿದ್ದವು. 1801ರ ಜನವರಿ 1ರಂದು ಐರ್ಲೆಂಡ್ ಸೇರಿ ಹೊಸ ಒಕ್ಕೂಟವಾದಾಗ ಆ ಹೂಗಳನ್ನು ತೆಗೆದುಹಾಕಿದರು. ಆಗಿನ ರಾಜರ ಜರ್ಮನ್ ಮೂಲದ ಹ್ಯಾನೋವರ್ ಮನೆತನದ ಪುಟ್ಟ ಗುರಾಣಿ ಮಧ್ಯಕ್ಕೆ ಬಂತು, ಅದರ ತಲೆಯ ಮೇಲೆ ಬಟ್ಟೆಯ ಟೋಪಿ. ಜರ್ಮನಿಯ ಹ್ಯಾನೋವರ್ ಪ್ರಾಂತ್ಯ ರಾಜ್ಯದ ದರ್ಜೆಗೆ ಏರಿದ ಮೇಲೆ, 1816ರಿಂದ, ಟೋಪಿಯ ಜಾಗದಲ್ಲಿ ಕಿರೀಟ.

ಭೂತಗನ್ನಡಿ ಹಿಡಿದು, ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದೆ. ನೇರ ಬೆಳಕಿನಲ್ಲಿ ಸವೆದ ಗೆರೆ ಕಾಣಿಸುವುದಿಲ್ಲ. ಲಿಲಿ ಹೂ ಇಲ್ಲ. ಮಧ್ಯದಲ್ಲಿ ಪುಟ್ಟ ಗುರಾಣಿ ಇದೆ, ಮೇಲೆ ಟೋಪಿ. ಹಾಗಾದರೆ 1801ರಿಂದ 1816ರೊಳಗೆ.

ಅಲಗಿನ ಬೆನ್ನಿನ ಮೇಲೆ ಒಂದು ಹೆಸರೂ ಇತ್ತು: ಜೆ. ಜೆ. ರುಂಕೆಲ್, ಸೋಲಿಂಗನ್. ರುಂಕೆಲ್ ಜರ್ಮನಿಯ ಸೋಲಿಂಗನ್‌ನಿಂದ ಅಲಗು ತರಿಸಿ ಲಂಡನ್ನಿನಲ್ಲಿ ಮಾರುತ್ತಿದ್ದ ವ್ಯಾಪಾರಿ. ಬರ್ಮಿಂಗ್‌ಹ್ಯಾಮಿನವರಿಗೆ ಈ ಜರ್ಮನ್ ಮಾಲು ಕಂಡರೆ ಆಗುತ್ತಿರಲಿಲ್ಲ. ತಮ್ಮ ಅಲಗು ಎಂದೂ ಮುರಿಯುವುದಿಲ್ಲ ಎಂಬ ಖಾತ್ರಿಯನ್ನು ಅಲ್ಲಿನ ಕತ್ತಿ ತಯಾರಕ ಥಾಮಸ್ ಗಿಲ್ ಅಲಗಿನ ಮೇಲೇ ಕೊರೆಸುತ್ತಿದ್ದ. 1806ರಲ್ಲಿ ಸೋಲಿಂಗನ್ ಇರುವ ಬರ್ಗ್ ಪ್ರಾಂತ್ಯ ನೆಪೋಲಿಯನ್ನನ ತಂಗಿಯ ಗಂಡ ಮ್ಯೂರಾನ ಕೈಗೆ ಹೋಯಿತು. ಅದೇ ವರ್ಷ ಬ್ರಿಟನ್ ಜೊತೆಗಿನ ವ್ಯಾಪಾರಕ್ಕೆ ನೆಪೋಲಿಯನ್ ದಿಗ್ಬಂಧನ ಹಾಕಿದ. ಆಮೇಲೆ ಅಲ್ಲಿಂದ ಅಲಗು ತರಿಸುವುದು ಕಷ್ಟ. ಎರಡು ಗುರುತನ್ನೂ ಸೇರಿಸಿದರೆ ನನ್ನ ಲೆಕ್ಕಕ್ಕೆ ಈ ಅಲಗು 1801ರಿಂದ ಸುಮಾರು 1808ರ ನಡುವಿನದು. ವಾಟರ್ಲೂಗೆ ಹೋಗಿರಬಹುದು. ಹೋಗಿದೆ ಅನ್ನುವುದಕ್ಕೆ ಕತ್ತಿಯಲ್ಲಿ ಏನೂ ಇಲ್ಲ, ಹೆಸರಿಲ್ಲ, ರೆಜಿಮೆಂಟಿನ ಗುರುತೂ ಇಲ್ಲ. ಹೆಸರಿನ ಮೊದಲಕ್ಷರವಾದರೂ ಇದ್ದಿದ್ದರೆ ಆ ಕಾಲದ ಅಧಿಕಾರಿಗಳ ಅಚ್ಚಾದ ಪಟ್ಟಿಯಲ್ಲಿ ಹುಡುಕಬಹುದಿತ್ತು.

ಆರೈಕೆಯಲ್ಲಿ ನನ್ನದು ಒಂದೇ ಹಟ, ಹೊಳಪು ಕೊಡುವುದಿಲ್ಲ. ಆ ನೀಲಿ ಬಣ್ಣ ಬಳಿದದ್ದಲ್ಲ. ಉಕ್ಕನ್ನು ಹದವಾಗಿ ಕಾಯಿಸಿದಾಗ ಮೈಮೇಲೆ ಮೂಡುವ ತೆಳು ಪದರ ಅದು. ಒಮ್ಮೆ ಉಜ್ಜಿದರೆ ಹೋಯಿತು. ಅಲ್ಲಿ ಬರೀ ಹತ್ತಿ, ತೆಳು ಎಣ್ಣೆ. ಬಣ್ಣವಿಲ್ಲದ ಕಡೆ ಕೆಂಪು ತುಕ್ಕಿದ್ದ ಜಾಗಕ್ಕೆ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಅತಿ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ತೆಗೆದೆ. ಕಂದು ಕಲೆಗಳನ್ನು ಹಾಗೇ ಬಿಟ್ಟೆ. ಕೊನೆಗೆ ರೆನೈಸಾನ್ಸ್ ವ್ಯಾಕ್ಸ್ ತೆಳ್ಳಗೆ ಸವರಿದೆ. ಬ್ರಿಟಿಷ್ ಮ್ಯೂಸಿಯಂನವರು ತಮ್ಮ ವಸ್ತುಗಳಿಗೆಂದು ರೂಪಿಸಿದ ಮೇಣ ಅದು. ಬರಿಗೈಯಲ್ಲಿ ಮುಟ್ಟಬಾರದು, ಬೆವರಿನ ಗುರುತೇ ತುಕ್ಕಾಗುತ್ತದೆ.

ಒರೆ ಉಕ್ಕಿನದು, ಎರಡು ಬಳೆಗಳಿವೆ. ನೋಡಲು ಚೆಂದ, ಆದರೆ ಎಳೆದಾಗಲೆಲ್ಲ ಅಲಗಿನ ಅಂಚು ಮೊಂಡಾಗುತ್ತದೆ. ಕ್ಯಾಪ್ಟನ್ ನೋಲನ್ ಎಂಬ ಅಧಿಕಾರಿ 1853ರಲ್ಲಿ ಈ ಬಗ್ಗೆ ಬರೆದಿದ್ದಾನೆ. ಹೈದರಾಬಾದ್ ನಿಜಾಮನ ಸವಾರರು ಒಂದೇ ಏಟಿಗೆ ಕೈ, ತಲೆ ಕತ್ತರಿಸಿದ್ದನ್ನು ಕೇಳಿ ಅವರ ಕತ್ತಿ ನೋಡಿದನಂತೆ. ಬ್ರಿಟಿಷರೇ ಬಿಸಾಡಿದ ಹಳೆಯ ಅಲಗುಗಳು! ಅವಕ್ಕೆ ದೇಶಿ ಹಿಡಿ ಹಾಕಿ, ಮರದ ಒರೆಯಲ್ಲಿಟ್ಟಿದ್ದರು. ಕಾಳಗದ ಹೊರತು ಹೊರಗೆ ತೆಗೆಯುತ್ತಿರಲಿಲ್ಲ. ಅದನ್ನು ಓದಿದ ಮೇಲೆ ನಾನೂ ಅಲಗು ಮತ್ತು ಒರೆಯನ್ನು ಬೇರೆ ಬೇರೆಯಾಗಿಯೇ ಇಡುತ್ತೇನೆ, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ.