ಹಳದಿಯಲ್ಲಿ ಕಲೆಸಿದ ಬಣ್ಣ

ಬೆಳಗ್ಗೆ ಅಮ್ಮ ಅಡುಗೆಮನೆಗೆ ಬರುವ ಹೊತ್ತಿಗೆ ಬಟ್ಟಲಲ್ಲಿ ಮೊಟ್ಟೆಯ ಬಿಳಿ ಮಾತ್ರ ಇರುತ್ತದೆ. "ಹಳದಿ ಇವತ್ತೂ ಚಿತ್ರಕ್ಕೆ ಹೋಯ್ತೇನೇ?" ಅಂತ ಕೇಳ್ತಾಳೆ. ಆ ಬಿಳಿಗೆ ಇನ್ನೊಂದು ಇಡೀ ಮೊಟ್ಟೆ ಒಡೆದು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಲ್ಯ ಮಾಡುತ್ತಾಳೆ. ನಾನು ಹಳದಿ ಹಿಡಿದುಕೊಂಡು ಮಹಡಿ ಹತ್ತುತ್ತೇನೆ.

ನಾನು ಮಾಡುವುದು ಎಗ್ ಟೆಂಪೆರಾ. ಪುಡಿಬಣ್ಣ, ನೀರು, ಮೊಟ್ಟೆಯ ಹಳದಿ, ಇಷ್ಟೇ ಸಾಮಾನು. ಎಣ್ಣೆಬಣ್ಣ ಹರಡುವ ಮುಂಚೆ ಇಟಲಿಯಲ್ಲಿ ಹಲಗೆ ಚಿತ್ರಗಳನ್ನು ಹೀಗೇ ಬರೆಯುತ್ತಿದ್ದರು. ಸಿಯೆನಾ ಊರಿನ ದೊಡ್ಡ ಚರ್ಚಿಗೆ ದುಚ್ಚೊ ಎಂಬ ಕಲಾವಿದ 1308ರಿಂದ 1311ರವರೆಗೆ ಬರೆದ ಚಿತ್ರವೂ ಇದೇ ಬಗೆ. 700 ವರ್ಷ ಆದರೂ ಅದರ ನೀಲಿ, ಕೆಂಪು ಕಣ್ಣು ತುಂಬುತ್ತವೆ.

ಎಲ್ಲಕ್ಕಿಂತ ಮುಖ್ಯ ಹಳದಿಯನ್ನು ಬಿಡಿಸುವ ಕೆಲಸ. ಮೊಟ್ಟೆ ಒಡೆದು ಹಳದಿಯನ್ನು ಅಂಗೈಗೆ ಹಾಕಿಕೊಳ್ಳುತ್ತೇನೆ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಾ, ಖಾಲಿಯಾದ ಕೈಯನ್ನು ಪ್ರತಿ ಸಲ ಬಟ್ಟೆಗೆ ಒರೆಸಿಕೊಳ್ಳಬೇಕು. ಏಳೆಂಟು ಸಲ ಆದ ಮೇಲೆ ಲೋಳೆಯೆಲ್ಲ ಹೋಗಿ ಹಳದಿ ಒಣಗಿದ ಹಾಗೆ ಆಗುತ್ತದೆ. ಆಗ ಅದರ ಮೇಲಿನ ತೆಳು ಪೊರೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತುತ್ತೇನೆ. ಪುಟ್ಟ ಚೀಲದ ಹಾಗೆ ತೂಗಾಡುತ್ತದೆ. ತಳಕ್ಕೆ ಸೂಜಿ ಚುಚ್ಚಿದರೆ ಹಳದಿ ನೂಲಿನಂತೆ ಬಟ್ಟಲಿಗೆ ಇಳಿಯುತ್ತದೆ, ಪೊರೆ ಬೆರಳಲ್ಲೇ ಉಳಿಯುತ್ತದೆ. ಆ ಪೊರೆ ಬಣ್ಣಕ್ಕೆ ಬಿದ್ದರೆ ಕುಂಚದ ತುದಿಗೆ ಗಂಟು ಕಟ್ಟಿಕೊಳ್ಳುತ್ತದೆ.

ಹಳದಿಗೆ ಸ್ವಲ್ಪ ನೀರು ಬೆರೆಸಿ, ನೀರಲ್ಲಿ ಅರೆದಿಟ್ಟ ಬಣ್ಣದ ಜೊತೆ ಹೆಚ್ಚು ಕಡಿಮೆ ಸಮಸಮ ಕಲೆಸುತ್ತೇನೆ. ಆದರೆ ಪ್ರತಿ ಬಣ್ಣಕ್ಕೂ ಹದ ಬೇರೆ. ಅದಕ್ಕೆ ಗಾಜಿನ ಚೂರಿನ ಮೇಲೆ ಒಂದು ಗೆರೆ ಎಳೆದು, ಒಣಗಿದ ಮೇಲೆ ಬ್ಲೇಡಿನಿಂದ ಕೆರೆದು ನೋಡುತ್ತೇನೆ. ಸುರುಳಿಯಾಗಿ ಎದ್ದು ಬಂದರೆ ಹದ ಸರಿ. ಪುಡಿಪುಡಿಯಾದರೆ ಹಳದಿ ಸಾಲದು. ಮೊದಮೊದಲು ನಾನು ಹಳದಿ ಜಾಸ್ತಿ ಹಾಕುತ್ತಿದ್ದೆ. ಮೇಲೆ ಜಿಡ್ಡು ಹೊಳಪು ಬರುತ್ತಿತ್ತು. ಕಲೆಸಿದ ಹಳದಿ ಅವತ್ತಿನದು ಅವತ್ತಿಗೇ. ಮಾರನೆಯ ದಿನ ಹೊಸ ಮೊಟ್ಟೆ.

ಇನ್ನೊಂದು ತಪ್ಪಿಗೆ ತುಂಬಾ ನೊಂದಿದ್ದೇನೆ. ಎರಡು ತಿಂಗಳು ಕೂತು ಬರೆದ ಚಿತ್ರ, ಕ್ಯಾನ್ವಾಸ್ ಮೇಲೆ. ಒಂದು ಪ್ರದರ್ಶನಕ್ಕೆ ಅದನ್ನು ಸುತ್ತಿಕೊಂಡು ಹೋದೆ. ಬಿಚ್ಚಿದಾಗ ಬೇಸಿಗೆ ಕೆರೆಯ ತಳದ ಹಾಗೆ ಬಿರುಕು. ಒಣಗಿದ ಹಳದಿ ಬಗ್ಗುವುದಿಲ್ಲ. ಅಂದಿನಿಂದ ನನಗೆ ಹಲಗೆಯೇ. ಮೈಸೂರು ಶೈಲಿ ಕಲಿಯುವಾಗ ಚಿನ್ನದ ರೇಕಿನ ಅಡಿಗೆ ಗೆಸ್ಸೊ, ಅಂದರೆ ಅಂಟು ಬೆರೆಸಿದ ಲೇಪದ ಕೆಲಸ ಮಾಡಿದ್ದೆ, ಅಲ್ಲಿ ಉಬ್ಬಿಸಿ ಬಿಡಿಸುತ್ತೇವೆ. ಇಲ್ಲಿ ಸೀಮೆಸುಣ್ಣದ ಪುಡಿಯನ್ನು ಬಿಸಿ ಅಂಟಿನಲ್ಲಿ ಕಲೆಸಿ, ಹಲಗೆಗೆ ಎಂಟು ಸಲ ಬಳಿದು, ದಂತದ ಹಾಗೆ ನುಣುಪಾಗುವವರೆಗೆ ಉಜ್ಜಬೇಕು.

ಈ ಬಣ್ಣ ಹಚ್ಚಿದ ಕೂಡಲೇ ಆರಿಬಿಡುತ್ತದೆ. ಎಣ್ಣೆಬಣ್ಣದ ಹಾಗೆ ಹಲಗೆ ಮೇಲೆ ಬೆರೆಸುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ಕೂದಲೆಳೆಯಂಥ ಗೆರೆ, ಗೆರೆಯ ಪಕ್ಕ ಗೆರೆ. ಒಂದು ಕೆನ್ನೆಗೆ ಸಾವಿರಾರು. ಈ ನಿಧಾನವೇ ನನ್ನನ್ನು ಇದಕ್ಕೆ ಕಟ್ಟಿಹಾಕಿದ್ದು.

ಚಿತ್ರ ಬರೆಯುತ್ತಾ ಬರೆಯುತ್ತಾ ಅಡುಗೆಮನೆಯ ಹಳದಿಯೂ ಅರ್ಥವಾಯಿತು. ಅದರಲ್ಲಿ ಲೆಸಿಥಿನ್ ಇದೆ, ಅದು ಎಣ್ಣೆಯನ್ನೂ ನೀರನ್ನೂ ಕೂಡಿಸಿ ಹಿಡಿಯುತ್ತದೆ. ಮೇಯೊನೇಸ್ ಒಡೆಯದೆ ನಿಲ್ಲುವುದು ಅದರಿಂದಲೇ. ಕಸ್ಟರ್ಡ್ ಮಾಡುವಾಗ ಬಿಸಿ ಹಾಲನ್ನು ಹಳದಿಗೆ ಸ್ವಲ್ಪ ಸ್ವಲ್ಪವೇ ಸುರಿಯುತ್ತೇನೆ, ಒಮ್ಮೆಲೇ ಸುರಿದರೆ ಗಂಟಾಗುತ್ತದೆ. ತಟ್ಟೆಗೆ, ಸೀರೆಗೆ ಹಳದಿ ಹತ್ತಿದರೂ ಅಷ್ಟೇ, ತಣ್ಣೀರಲ್ಲೇ ತೊಳೆಯಬೇಕು. ಬಿಸಿನೀರು ಹಾಕಿದರೆ ಬೆಂದು ಅಲ್ಲೇ ಅಂಟಿಕೊಳ್ಳುತ್ತದೆ. ಬಣ್ಣ ಕಲೆಸುವ ಬಟ್ಟಲು, ಚಮಚ ಮಾತ್ರ ಅಡುಗೆಗೆ ವಾಪಸ್ ಬರಬಾರದು. ಕೆಲವು ಪುಡಿಬಣ್ಣಗಳು ವಿಷ.

1400ರ ಆಸುಪಾಸಿನ ಇಟಲಿಯ ಕಲಾವಿದ ಚೆನ್ನಿನೊ ಚೆನ್ನೀನಿ, ಎಳೆಯ ಮುಖಗಳಿಗೆ ಪಟ್ಟಣದ ಕೋಳಿಯ ತಿಳಿ ಹಳದಿ, ವಯಸ್ಸಾದವರ ಮುಖಕ್ಕೆ ಹಳ್ಳಿ ಕೋಳಿಯ ಕೆಂಪು ಹಳದಿ ತಗೊಳ್ಳಿ ಅಂತ ಬರೆದಿಟ್ಟಿದ್ದಾನೆ. ಫಾರಂ ಮೊಟ್ಟೆ, ನಾಟಿ ಮೊಟ್ಟೆ ಅಕ್ಕಪಕ್ಕ ಒಡೆದು ನೋಡಿದವರಿಗೆ ಇದು ಗೊತ್ತು ಅಲ್ವಾ? ಕೋಳಿ ತಿನ್ನುವ ಸೊಪ್ಪು, ಮೆಕ್ಕೆಜೋಳದಿಂದ ಆ ಬಣ್ಣ ಬರುತ್ತದೆ.

ಈಗ ಅಮ್ಮನ ಮುಖ ಬರೆಯುತ್ತಿದ್ದೇನೆ, ಊರಿಂದ ಬಂದ ನಾಟಿ ಮೊಟ್ಟೆಯಲ್ಲಿ. ಆ ಕಾಲದವರ ಹಾಗೆ ಮೊದಲು ಹಸಿರು ಮಣ್ಣಿನ ಬಣ್ಣ ಹಚ್ಚಿದ್ದೇನೆ, ಅದರ ಮೇಲೆ ಚರ್ಮದ ಬಣ್ಣ ಎಳೆ ಎಳೆಯಾಗಿ ಬರಬೇಕು. ನಿನ್ನೆ ಅಮ್ಮ ಕಾಫಿ ಹಿಡಿದುಕೊಂಡು ಮೇಲೆ ಬಂದಳು. ತುಂಬಾ ಹೊತ್ತು ನೋಡಿದಳು.

"ಕೆನ್ನೆ ಯಾಕೇ ಹಸಿರಾಗಿದೆ?"

"ಇರಮ್ಮ, ಇನ್ನೂ ಹದಿನೈದು ಮೊಟ್ಟೆ ಬೇಕು."